ಭಾವ ಒಣಗಿಸಿದ ಕೆಪಾಸಿಟರ್‌ಗಳು

ನಮ್ಮ ಭಾವ ಜನಾರ್ದನ ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಣದಲ್ಲಿ ಹರಡಿದ ಕಾಫಿ ಬೀಜವನ್ನು ಕಚ್ಚಿ ನೋಡಿ, ಇನ್ನೆಷ್ಟು ದಿನದ ಬಿಸಿಲು ಬೇಕೆಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ತೊಂದರೆಯೆಂದರೆ, ಜಗತ್ತಿನ ಉಳಿದ ವಸ್ತುಗಳನ್ನೂ ಅವರು ಕಚ್ಚಿಯೇ ತೀರ್ಮಾನಿಸುತ್ತಿದ್ದರು.

ತೊಂಬತ್ತೇಳರಲ್ಲಿ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಲು ಹೊರಟರು. ಕಾರಣ, ಒಂದು ಕ್ಯಾಸೆಟ್. ನನ್ನ ಅಕ್ಕ ಸೀತಮ್ಮ ಮದುವೆಗೆ ಮುಂಚೆ ಹಾಡಿದ್ದನ್ನು ನಾನೇ ರೆಕಾರ್ಡ್ ಮಾಡಿದ್ದೆ. ಆಮೇಲೆ ಗಂಟಲಿನ ಆಪರೇಷನ್ ಆಗಿ ಅವಳ ದನಿ ಒಡೆಯಿತು. ಮಗಳು ಗಾನಶ್ರೀ ಹುಟ್ಟಿದ್ದು ಅದಾದ ಮೇಲೆ. ಅಮ್ಮ ಹಾಡುತ್ತಿದ್ದಳೆಂದರೆ ಅವಳು ನಂಬುತ್ತಲೇ ಇರಲಿಲ್ಲ. ಒಮ್ಮೆಯಾದರೂ ಮಗಳಿಗೆ ಅದನ್ನು ಕೇಳಿಸಬೇಕೆಂದು ಅಕ್ಕನ ಆಸೆ. ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು. ಗುಂಡಿ ಒತ್ತಿದರೆ ಮುಗಿಯುತ್ತಿತ್ತು.

"ಆ ತಗಡು ಡಬ್ಬದಲ್ಲಿ ನಿನ್ ಹಾಡು ಹಾಕದಾ? ಬೇಡ ಮಾರಾಯ್ತಿ, ಸ್ವಲ್ಪ ತಡ್ಕ," ಎಂದರು ಭಾವ.

ಸ್ವಲ್ಪ ಎಂದರೆ ನಾಲ್ಕು ವರ್ಷ.

ಉಳಿದ ಕೆಲಸವೆಲ್ಲ ಒಂದೇ ತಿಂಗಳಲ್ಲಿ ಮುಗಿಯಿತು. ಬಾಕಿ ಉಳಿದದ್ದು ಫಿಲ್ಮ್ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ತಡೆದು ಹಾಡನ್ನು ಮಾತ್ರ ದಾಟಿಸುವ ಪುಟ್ಟ ಬಿಡಿಭಾಗಗಳು. ಆಲ್ದೂರಿನ ರೇಡಿಯೋ ರಿಪೇರಿ ಗುರುವಯ್ಯ ಹಸಿರು ಬಣ್ಣದ ಪಾಲಿಯೆಸ್ಟರಿನವು ಕೊಟ್ಟ. "ಇದು ಸಾಕು ಸಾರ್, ಎಲ್ಲರ ಮನೇಲೂ ಇದೇ ಇರದು," ಎಂದ. ಎಲ್ಲರ ಮನೆಯಲ್ಲೂ! ಭಾವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಅದಕ್ಕಿಂತ ಮೇಲ್ದರ್ಜೆಯ ಪಾಲಿಪ್ರೊಪಿಲೀನಿನವೇ ಆಗಬೇಕೆಂದು ಬೆಂಗಳೂರಿಗೆ ಹೋಗಿ ಹನ್ನೊಂದು ಬಗೆ ಹೊತ್ತು ತಂದರು. ಒಂದೊಂದನ್ನೂ ಕಚ್ಚಿದರು.

"ಇದಿನ್ನೂ ಹಸಿ."

"ಅದು ಪ್ಲಾಸ್ಟಿಕ್ ಭಾವ, ಹಸಿ ಹೆಂಗಾಗುತ್ತೆ?" ಎಂದೆ.

"ನಿಂಗೆ ಗೊತ್ತಾಗಲ್ಲ ಮಾರಾಯ. ನಮ್ಮೂರ ಥಂಡಿಗೆ ಯಾವುದೂ ಒಣಗಿರಲ್ಲ."

ಎಲ್ಲವನ್ನೂ ಬಚ್ಚಲ ಒಲೆಯ ಮೇಲೆ ತೂಗುಹಾಕಿದರು. ಇಡೀ ಮಳೆಗಾಲ ಸ್ನಾನದ ನೀರಿನ ಜೊತೆ ಕೆಪಾಸಿಟರ್‌ಗಳೂ ಕಾದವು. ಅರ್ಧದಷ್ಟು ಉಬ್ಬಿ ಸೊಟ್ಟಗಾದವು. ಮತ್ತೆ ಬೆಂಗಳೂರು, ಮತ್ತೆ ಹಲ್ಲು, ಮತ್ತೆ ಒಲೆ. ಭಾವ ಪೇಟೆಗೆ ಹೋದಾಗಲೆಲ್ಲ ಗುರುವಯ್ಯ, "ಒಣಗಿದ್ವಾ ಸಾರ್?" ಎಂದು ಬಹಳ ವಿನಯದಿಂದ ವಿಚಾರಿಸುತ್ತಿದ್ದ. ಅಕ್ಕ ಏನೂ ಕೇಳುತ್ತಿರಲಿಲ್ಲ. ನನಗೆ ಭಾವನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರ್ ಸಿದ್ಧವಾಯಿತು. ಸುಳ್ಳು ಹೇಳಬಾರದು, ಅದರಲ್ಲಿ ಒಂದು ಗುಂಯ್ ಸದ್ದೂ ಇರಲಿಲ್ಲ. ಭಾವ ಗೋಡೆ ಕಪಾಟಿನಿಂದ ಕ್ಯಾಸೆಟ್ ತೆಗೆದರು. ನಾಲ್ಕು ಮಳೆಗಾಲ ಅಲ್ಲೇ ಕೂತಿದ್ದ ಟೇಪಿಗೆ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಹತ್ತಿಯಿಂದ ಒರೆಸಿ, ಆಂಪ್ಲಿಫೈಯರಿಗೆ ಜೋಡಿಸಿದ್ದ ಅದೇ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದರು. ಕರಕರ ಶುರುವಾಯಿತು.

"ನೋಡು, ಕರಕರ ಕೂಡ ಎಷ್ಟು ಕ್ಲಿಯರ್..." ಎಂದು ಅಭ್ಯಾಸಬಲದಿಂದ ಹೊರಟ ಭಾವ ಅರ್ಧಕ್ಕೇ ನಿಲ್ಲಿಸಿದರು. ಆಫ್ ಮಾಡಲು ಕೈ ಚಾಚಿದರು.

"ಇರಲಿ ಬಿಡಿ," ಎಂದಳು ಅಕ್ಕ.

ಸುಮಾರು ಹೊತ್ತಿನ ಮೇಲೆ, ಹಾಡು ಎತ್ತಿಕೊಳ್ಳುವ ಮುಂಚೆ ಅಕ್ಕ ಉಸಿರು ಎಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಬರೀ ಕರಕರ.

ಗಾನಶ್ರೀ ಸ್ಪೀಕರಿಗೆ ಕಿವಿಯಿಟ್ಟು ಕೂತಿದ್ದಳು. "ಅಮ್ಮ, ಈಗ ಹಾಡ್ತೀಯಾ?"

"ಹಾಡಿದ್ದೆ ಕಣೆ," ಎಂದಳು ಅಕ್ಕ.