ಬುನ್‌ಲಾನ ಗಿಡ್ಡ ಬಾಲದ ಬಾಣಗಳು

ನೊಂಗ್ ಕೇ ಹಳ್ಳಿಯ ಬುನ್‌ಲಾ ಸೈಕಲ್ ರಿಪೇರಿಯವನು. ಆದರೆ ಆರನೆಯ ತಿಂಗಳು ಹುಟ್ಟಿತೆಂದರೆ ಅವನ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಮಳೆ ಕಳಿಸು ಎಂದು ಆಕಾಶದ ತೇನ್ ದೊರೆಗೆ ನೆನಪು ಮಾಡಲು ಊರೂರಿನವರು ಮದ್ದಿನ ಬಾಣ ಹಾರಿಸುವ ತಿಂಗಳದು. ಬುನ್‌ಲಾ ಹಿತ್ತಲಲ್ಲಿ ಕೂತು ಪೆಟ್ಲುಪ್ಪು, ಇದ್ದಿಲು ಅರೆದು ಕೊಳವೆಗೆ ಜಡಿಯುತ್ತಿದ್ದ. ತುದಿಗೆ ನಾಗನ ಹೆಡೆ ಕೆತ್ತಿ, ಹಸಿರು ಬಣ್ಣ ಬಳಿದು, ಚಿನ್ನದ ಕಾಗದ ಅಂಟಿಸುತ್ತಿದ್ದ. ಅಷ್ಟು ಚೆಂದದ ಬಾಣ ಸುತ್ತಲಿನ ಹಳ್ಳಿಗಳಲ್ಲಿ ಇನ್ನೊಂದಿರಲಿಲ್ಲ.

ಹಾರುತ್ತಿರಲಿಲ್ಲ, ಅಷ್ಟೆ.

ಬಾಣ ಹಾರಿದರೆ ಮಾಡಿದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ, ಹಾರದಿದ್ದರೆ ಕೈಕಾಲು ಹಿಡಿದು ಗದ್ದೆಯ ಕೆಸರಿಗೆ ಎಸೆಯುತ್ತಾರೆ. ಮೊದಲ ವರ್ಷ ಮದ್ದು ತೇವವಾಗಿ ಬರೀ ಹೊಗೆ ಬಂತು. ಮರುವರ್ಷ ಮದ್ದಿನಲ್ಲಿ ಕೊರೆದ ತೂತು ದೊಡ್ಡದಾಗಿ ಬಾಣ ಹಾರಿಸುವ ಅಟ್ಟಣೆಯ ಮೇಲೆಯೇ ಒಡೆಯಿತು. ನಾಗನ ಹೆಡೆ ತೆಂಗಿನಮರದಲ್ಲಿ ಸಿಕ್ಕಿತು. ಆಮೇಲಿನ ಎರಡು ವರ್ಷ ಬಾಣ ಮೇಲೇನೋ ಏರಿತು, ತಾಳೆಮರದೆತ್ತರದಲ್ಲಿ ಗಿರಗಿರನೆ ಸುತ್ತಿ ಕೆಳಗೆ ಬಿತ್ತು. ಬುನ್‌ಲಾ ಇದ್ದಿಲಿನ ಮರ ಬದಲಾಯಿಸಿದ, ಮದ್ದಿನ ಅಳತೆ ಬದಲಾಯಿಸಿದ. ಐದನೆಯ ವರ್ಷವೂ ಅದೇ ಸುತ್ತು, ಅದೇ ಕೆಸರು.

"ಮಳೆಗಿಂತ ಮುಂಚೆ ನೀವೇ ಗದ್ದೆಗೆ ಬರ್ತೀರಲ್ರೀ!" ಎಂದು ಹೆಂಡತಿ ಸಾಯ್‌ಫಿನ್ ಬದುವಿನ ಮೇಲಿಂದ ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು.

ಬುನ್‌ಲಾನಿಗೆ ಏಳುವ ಮನಸ್ಸಾಗಲಿಲ್ಲ. ಬೆಚ್ಚಗಿನ ಕೆಸರಿನಲ್ಲಿ ಹಾಗೇ ಅಂಗಾತ ಮಲಗಿದ. ಆಗ ಪಕ್ಕದ ಹಳ್ಳಿಯ ಸೂಯ್ ಅಜ್ಜನ ಬಾಣ ಅವನ ಕಣ್ಣ ಮುಂದೆಯೇ ಮೇಲೇರಿತು. ಹೆಡೆಯಿಲ್ಲ, ಬಣ್ಣವಿಲ್ಲ. ಹಿಂದೆ ಮಾತ್ರ ಬಹಳ ಉದ್ದದ ಬಿದಿರಿನ ಬಾಲ. ಬಾಣ ಒಂಚೂರು ವಾಲಿದರೆ ಬಾಲ ಅದನ್ನು ಮತ್ತೆ ನೆಟ್ಟಗೆ ಮಾಡುತ್ತಿತ್ತು. ಮೆರವಣಿಗೆಯಲ್ಲಿ ಅಂದಗೆಡುತ್ತದೆಂದು ಬುನ್‌ಲಾ ತನ್ನ ಬಾಣಗಳ ಬಾಲವನ್ನು ಪ್ರತಿ ವರ್ಷ ಗಿಡ್ಡ ಮಾಡುತ್ತಿದ್ದ.

ಮೈಯಿಂದ ಕೆಸರು ಸುರಿಸುತ್ತಲೇ ಅಜ್ಜನ ಬಳಿಗೆ ಓಡಿದ. "ಅಜ್ಜಾ, ನಿಮ್ ಬಾಲ ಎಷ್ಟುದ್ದ?"

ಸುತ್ತಲಿದ್ದವರು ಗೊಳ್ಳೆಂದರು. ಅಜ್ಜ ನಗಲಿಲ್ಲ. "ಕೊಳವೆಯ ಆರು ಪಟ್ಟು. ಐದ್ ವರ್ಷದಿಂದ ಪಕ್ಕದಲ್ಲೇ ಹಾರಿಸ್ತಿದೀನಿ, ಈಗ ಕಾಣಿಸ್ತೇನೋ ನಿನ್ಗೆ?"

"ನಂದನ್ನೇ ನೋಡ್ಕೊಂಡಿದ್ದೆ ಅಜ್ಜಾ."

ಮರುವರ್ಷ ಬುನ್‌ಲಾನ ಬಾಣ ಮೋಡದೊಳಗೆ ಹೋಯಿತು. ಊರವರು ಅವನನ್ನು ದೇವಸ್ಥಾನದವರೆಗೆ ಹೊತ್ತು ಕುಣಿದರು. ಸಾಯ್‌ಫಿನ್ ಸಂತೋಷಕ್ಕೆ ಅತ್ತೂ ಬಿಟ್ಟಳು.

ಇನ್ನು ಇವನು ಸುಮ್ಮನಾಗುತ್ತಾನೆ ಎಂದು ಅವಳೆಣಿಸಿದ್ದಳು. ಅದರ ಮುಂದಿನ ವರ್ಷ ಬುನ್‌ಲಾ ಹಾರುವಾಗ ಕೊಳಲಿನಂತೆ ಊದುವ ಬಾಣ ಮಾಡಿದ. ಅದು ಅಟ್ಟಣೆ ಬಿಡುವ ಮೊದಲೇ ಒಮ್ಮೆ ಚೆನ್ನಾಗಿ ಊದಿ, ಅಲ್ಲೇ ಸೀಳಿಹೋಯಿತು.

"ಹೋದ್ವರ್ಷದ್ದೇ ಮಾಡ್ಬಾರ್ದಿತ್ತಾ?" ಎಂದಳು ಸಾಯ್‌ಫಿನ್.

"ಅದು ಹಾರುತ್ತೆ ಅಂತ ಗೊತ್ತಾಯ್ತಲ್ಲೇ."

ಈಗ ಬುನ್‌ಲಾನಿಗೆ ಅರವತ್ತರ ಹತ್ತಿರ. ಅಂಗಡಿಯಲ್ಲಿ ಸೈಕಲ್ ಟ್ಯೂಬುಗಳ ನಡುವೆ ಒಡೆದ ಕೊಳವೆಗಳು ತೂಗುತ್ತವೆ. ಹಬ್ಬಕ್ಕೆ ಮುಂಚೆ ಬೇರೆ ಹಳ್ಳಿಗಳ ಬಾಣದವರು ಬಂದು ಅವುಗಳೊಳಗೆ ಬೆರಳಾಡಿಸಿ, ಯಾವುದು ಯಾಕೆ ಒಡೆಯಿತೆಂದು ಕೇಳಿಕೊಂಡು ಹೋಗುತ್ತಾರೆ. ಈ ವರ್ಷ ಅವನು ಎರಡು ಬಾಲದ್ದೊಂದನ್ನು ಮಾಡಿದ್ದ. ಅದು ನೇರವಾಗಿ ಕೆರೆಗೆ ಹೋಯಿತು. ಅವನನ್ನು ಎಸೆಯಲು ಮೊದಲು ಕಾಲು ಹಿಡಿದವಳು ಸಾಯ್‌ಫಿನ್. ಆಮೇಲೆ ಇಬ್ಬರೂ ಬದುವಿನ ಮೇಲೆ ಕೂತು, ಅಂಟಕ್ಕಿ ಅನ್ನ, ಸುಟ್ಟ ಮೀನು ತಿಂದರು. ಬಾಲಗಳನ್ನು ಇನ್ನೊಂದು ಗೇಣು ಅಗಲಿಸಿ ಕಟ್ಟಬೇಕಿತ್ತೇನೋ ಎಂದು ಅವನು ತುತ್ತಿನ ನಡುವೆ ಹೇಳುತ್ತಿದ್ದರೆ, ಅವಳು ಮುಳ್ಳು ತೆಗೆದ ಮೀನನ್ನು ಅವನ ಕಡೆಗೆ ಸರಿಸಿದಳು.