ಹತ್ತು ತುಂಡಿನ ಆಮೆ

ಲೇಸರ್ ಯಂತ್ರ ಮನೆಗೆ ಬಂದ ಹೊಸತರಲ್ಲಿ ಮಾವನಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ನಲವತ್ತು ವರ್ಷ ದಾರದಷ್ಟು ತೆಳ್ಳಗಿನ ಗರಗಸದಲ್ಲಿ ಮಕ್ಕಳಿಗೆ ಮರದ ಜೋಡಣೆ ಆಟಿಕೆ ಕೊಯ್ದ ಮನುಷ್ಯ. “ಸುಟ್ಟು ಕತ್ತರಿಸೋದೂ ಒಂದು ಕಸುಬೇನಮ್ಮ?” ಎಂದು ಮೂಗು ಮುರಿದಿದ್ದರು. ಯಂತ್ರ ನಡೆಸುವವಳು ಸೊಸೆಯಾದ್ದರಿಂದ ಬೈಗುಳ ಅಷ್ಟಕ್ಕೇ ನಿಂತಿತು.

ಹಾಗೆ ನೋಡಿದರೆ ಅವಳಿಗೆ ಕೆಲಸ ಕಲಿಸಿದವರೂ ಅವರೇ. ಯಂತ್ರದ ಒಂದು ಗುಂಡಿಯೂ ಅವರಿಗೆ ಗೊತ್ತಿರಲಿಲ್ಲ, ಮರ ಗೊತ್ತಿತ್ತು. ಅವಳು ಪ್ಲೈವುಡ್ ಹಾಳೆಯಿಂದ ತುಂಡು ಕತ್ತರಿಸಿ ತಂದರೆ ಅಂಚಿನ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು. ಬೆರಳಿಗೆ ಮಸಿ ಹತ್ತಿದರೆ ಮುಗಿಯಿತು, ತುಂಡು ಒಲೆಗೆ. ಅವಳು ವೇಗ ಹೆಚ್ಚಿಸಿದರೆ ಅಡಿಯ ಪದರ ಕತ್ತರಿಸದೆ ಉಳಿಯುತ್ತಿತ್ತು, ಶಕ್ತಿ ಹೆಚ್ಚಿಸಿದರೆ ಅಂಚು ಇದ್ದಿಲಾಗುತ್ತಿತ್ತು. ಮಸೂರವನ್ನು ಕೂದಲೆಳೆಯಷ್ಟು ಇಳಿಸಿ, ಹೊಗೆ ಊದುವ ಗಾಳಿಯನ್ನು ಜೋರು ಮಾಡಿ, ಎರಡು ತಿಂಗಳು ಹೆಣಗಿದ ಮೇಲೆ ಒಂದು ದಿನ ಮಾವನ ಬೆರಳು ಶುಭ್ರವಾಗಿ ಬಂತು. ಆದರೂ ಇನ್ನೊಂದು ಪರೀಕ್ಷೆ ಇತ್ತು. ತುಂಡುಗಳನ್ನೆಲ್ಲ ಹಲಗೆಯ ಕೊರೆದ ಜಾಗದಲ್ಲಿ ಕೂರಿಸಿ, ಬೋರಲು ಹಿಡಿದು ಒಮ್ಮೆ ಕೊಡವಬೇಕು. ಒಂದು ತುಂಡು ಬಿದ್ದರೂ ಆ ಆಟಿಕೆ ಅಂಗಡಿಗೆ ಹೋಗುವಂತಿರಲಿಲ್ಲ.

ಅಂಥ ಮಾವನ ಬಲಗೈಯಿಂದ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಜಾರಿ ಬಿತ್ತು. ಲಕ್ವ. ಮಾತು ತೊದಲಿಕೊಂಡಾದರೂ ಉಳಿಯಿತು, ಕೈ ಉಳಿಯಲಿಲ್ಲ.

“ಬೆರಳಿಗೆ ಕೆಲಸ ಕೊಡಿ,” ಎಂದರು ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮ. “ಮೊದಲ ತಿಂಗಳುಗಳಲ್ಲಿ ಬಂದಷ್ಟು ಆಮೇಲೆ ಬರೋದು ಕಷ್ಟ. ಇವರೇ ಕೈ ಚೆಲ್ಲಿದ್ರೆ ನಾನೂ ಏನೂ ಮಾಡೋಕಾಗಲ್ಲ.”

ಸೊಸೆ ಹತ್ತು ತುಂಡಿನ ಆಮೆಯನ್ನು ತಂದಿಟ್ಟಳು. ಮೂರು ವರ್ಷದ ಮಕ್ಕಳು ಜೋಡಿಸುವ ಆಮೆ. ಹತ್ತು ದಿನ ಒದ್ದಾಡಿದರೂ ಮಾವನ ಬಲಗೈ ಒಂದು ತುಂಡನ್ನೂ ಕೂರಿಸಲಿಲ್ಲ. ಹನ್ನೊಂದನೆಯ ದಿನ ಹಲಗೆಯನ್ನು ತಳ್ಳಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

“ಇವರ ಹಟ ನಂಗೊತ್ತು ಕಣೆ. ಹೀಗೆ ಮಲಗಿದ್ರೆ ಮತ್ತೆ ಏಳಲ್ಲ,” ಎಂದು ಅತ್ತೆ ಅಳತೊಡಗಿದರು.

ಸೊಸೆಗೆ ದಿಕ್ಕೇ ತೋಚಲಿಲ್ಲ. ಆ ಕೈಗೆ ಬಲ ತುಂಬುವುದು ಅವಳಿಂದಾಗದು. ಮರವನ್ನಾದರೂ ಸಡಿಲ ಮಾಡಬಹುದಲ್ಲ! ನೇರ ಯಂತ್ರದ ಬಳಿ ಹೋಗಿ ಮಸೂರವನ್ನು ಮೇಲಕ್ಕೆತ್ತಿದಳು. ಕಿರಣ ದಪ್ಪಗಾಯಿತು, ಸೀಳು ಅಗಲವಾಯಿತು, ಅಂಚು ಕರಿ ಹಿಡಿಯಿತು. ಕಷ್ಟಪಟ್ಟು ಕಲಿತದ್ದನ್ನೆಲ್ಲ ಬೇಕೆಂದೇ ಕೆಡಿಸಿ, ಮಸಿ ಕಾಣದಂತೆ ಉಪ್ಪುಕಾಗದದಲ್ಲಿ ಉಜ್ಜಿದಳು. ಕಳ್ಳತನ ಮಾಡಿದಷ್ಟು ನಾಚಿಕೆಯಾಯಿತು, ಆದರೂ ಬಿಡಲಿಲ್ಲ. ಎರಡು ದಿನಕ್ಕೊಂದು ಹೊಸ ಆಮೆ, ಹಿಂದಿನದಕ್ಕಿಂತ ತುಸು ಸಡಿಲ.

ಅತ್ತೆಯ ಒತ್ತಾಯಕ್ಕೆ ಮಾವ ಮತ್ತೆ ಎದ್ದು ಕೂತರು. ಮೊದಲು ಎರಡು ತುಂಡು ಕೂತವು, ಆಮೇಲೆ ಐದು. ಒಂದು ಮಧ್ಯಾಹ್ನ ಆಮೆಯ ತಲೆಯೂ ಸೇರಿ ಹತ್ತೂ ಕೂತವು. ಅತ್ತೆ ಚಪ್ಪಾಳೆ ತಟ್ಟಿದರು. ಮಾವ ಮಾತ್ರ ನಗಲಿಲ್ಲ. ಎಡಗೈಯಲ್ಲಿ ಹಲಗೆಯನ್ನು ಎತ್ತಿ ಬೋರಲು ಮಾಡಿದರು. ಕೊಡವುವ ಅಗತ್ಯವೇ ಬೀಳಲಿಲ್ಲ. ಹತ್ತೂ ತುಂಡು ದಬದಬನೆ ನೆಲಕ್ಕೆ ಬಿದ್ದವು.

ಮಡಿಲಿಗೆ ಬಿದ್ದಿದ್ದ ಮರದ ಪುಡಿಯನ್ನು ಮಾವ ಎಡ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. “ಉಜ್ಜಿದ್ದೀಯ,” ಎಂದರು ತೊದಲುತ್ತ. “ನಿನ್ನ ಕೆಲಸ ಹೀಗಿರಲ್ಲ, ಮಗಳೇ.”

“ತಪ್ಪಾಯ್ತು ಮಾವ. ನೀವು ಬಿಟ್ಟೇಬಿಡ್ತೀರ ಅಂತ ಭಯವಾಯ್ತು.”

“ಸರಿಯಾದ್ದು ಕೊಯ್ದು ತಾ.”

ಅವಳು ಮಸೂರ ಇಳಿಸಿ ಮೊದಲಿನಂತೆ ಕತ್ತರಿಸಿ, ಜೋಡಿಸಿ ತಂದಳು. ಮಾವ ಬೋರಲು ಮಾಡಿ ಜೋರಾಗಿ ಕೊಡವಿದರು. ಒಂದೂ ಬೀಳಲಿಲ್ಲ. ತಲೆಯ ತುಂಡನ್ನು ಅವಳ ಕೈಲಿ ಹಲಗೆಯಿಂದ ಬಿಡಿಸಿಕೊಂಡು ಅಂಚಿನ ಮೇಲೆ ಬೆರಳೆಳೆದರು, ಮಸಿ ಹತ್ತಲಿಲ್ಲ. “ಇದು ಕೆಲಸ,” ಎಂದರು. ಎಷ್ಟೋ ದಿನಗಳ ಮೇಲೆ ಮುಖ ಅರಳಿತು.

ಆಮೇಲೆ ಆ ತುಂಡನ್ನು ಬಲಗೈಗೆ ಕೊಟ್ಟುಕೊಂಡರು. ಅದು ಜಾರಿತು. ಎತ್ತಿ ಮತ್ತೆ ಇಟ್ಟರು, ಮತ್ತೆ ಜಾರಿತು. ಸೊಸೆ ತನ್ನೆರಡೂ ಕೈಗಳನ್ನು ನೆರವಿಗೆ ಚಾಚದಂತೆ ತೊಡೆಯಡಿಗೆ ಅದುಮಿಟ್ಟುಕೊಂಡು ನೋಡುತ್ತ ಕುಳಿತಳು.