ಫೆಲಿಮ್ ಡೆವೇನಿ ಬಿಟ್ಟುಕೊಟ್ಟ ಜಾಗ

ಫೆಲಿಮ್ ಡೆವೇನಿ ಹೋದ ಮಾರ್ಚ್ ತಿಂಗಳಲ್ಲಿ ತೀರಿಕೊಂಡ. ಎದೆಯಲ್ಲಿ ಮರಳಿನ ಧೂಳು ಕೂತಿದೆ ಎಂದರು ವೈದ್ಯರು. ಹಡ್ಸನ್ ಹೊಳೆಯ ದಡದ ನಮ್ಮ ಟ್ರಾಯ್ ಊರಿನಲ್ಲಿ ಕಬ್ಬಿಣದ ಒಲೆಗಳ ಎರಕ ಹೊಯ್ಯುವವರು ಸಾಯುವುದು ಹಾಗೆಯೇ. ಕೆಲಸಗಾರರ ಸಂಘದ ಪತ್ರಿಕೆಯಲ್ಲಿ ಅವನ ಬಗ್ಗೆ ಎರಡು ಸಾಲು ಬಂತು. ಅದು ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಅವನಿದ್ದ ಒಲೆ ಕಾರ್ಖಾನೆಯಲ್ಲೇ ಮರದ ಮಾದರಿ ಕೆತ್ತುವವನು. ಒಲೆಯ ಬಾಗಿಲು, ಒಲೆಯ ಕಾಲು, ಅಂಚಿನ ಬಳ್ಳಿಯ ಚಿತ್ತಾರ ನಾನು ಕೆತ್ತಿ ಕೊಟ್ಟರೆ ಫೆಲಿಮ್ ಅದನ್ನು ಹಸಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಕಬ್ಬಿಣ ಹೊಯ್ಯುತ್ತಿದ್ದ. ಇಬ್ಬರೂ ಮದುವೆಯಾಗದವರು. ಒಬ್ಬ ವಿಧವೆಯ ಮನೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅಚ್ಚುಗಾರರ ಸಂಘ ಕಟ್ಟಿದವರಲ್ಲಿ ಅವನೂ ಒಬ್ಬ. ಅದಕ್ಕಾಗಿ ಹಿಂದೊಮ್ಮೆ ಹಡ್ಸನ್ ಹೊಳೆಯ ಉದ್ದಕ್ಕೂ ಯಾವ ಎರಕದ ಮನೆಯೂ ಅವನನ್ನು ಒಳಗೆ ಬಿಟ್ಟಿರಲಿಲ್ಲ. ಆ ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಹೊಳೆಯ ಮೇಲೆ ಮಾರಾಟದ ಮಂಜುಗಡ್ಡೆ ಕೊಯ್ದು ಹೊಟ್ಟೆ ಹೊರೆದಿದ್ದ.

ಅಚ್ಚುಗಾರರಲ್ಲಿ ಒಂದು ನಡಾವಳಿ ಇದೆ. ಮೇಸ್ತ್ರಿ ಬಂದು ಬೆನ್ನ ಹಿಂದೆ ನಿಂತರೆ ಕೆಲಸ ನಿಲ್ಲಿಸಬೇಕು, ಅವನು ಹೋಗುವ ತನಕ ಕೈ ಕಟ್ಟಿ ನಿಲ್ಲಬೇಕು. ಕಾವಲಿನಲ್ಲಿ ದುಡಿಯುವುದು ಅವರಿಗೆ ಅವಮಾನ. ಯಾವ ನಿಯಮದಲ್ಲೂ ಇದನ್ನು ಬರೆದಿಲ್ಲ. ಮೇಸ್ತ್ರಿಯನ್ನು ಮೊದಲು ಕಂಡವನು ಮರಳು ಕುಟ್ಟುವ ಕೋಲಿನಿಂದ ಅಚ್ಚಿನ ಪೆಟ್ಟಿಗೆಗೆ ಎರಡು ಸಲ ತಟ್ಟುತ್ತಾನೆ, ಸಾಲಿಗೆ ಸಾಲೇ ನಿಲ್ಲುತ್ತದೆ.

ಒಂದು ದಿನ ಸ್ಟೋಡರ್ಡ್ ಮೇಸ್ತ್ರಿ ಬಂದು ಫೆಲಿಮ್‌ನ ಹಿಂದೆ ನಿಂತ. ಯಾರೋ ತಟ್ಟಿದರು. ಎಲ್ಲರೂ ನಿಲ್ಲಿಸಿದರು. ಫೆಲಿಮ್ ಮಾತ್ರ ಬಗ್ಗಿಕೊಂಡು ಮರಳು ಕುಟ್ಟುತ್ತಲೇ ಇದ್ದ. ಮೇಸ್ತ್ರಿ ಮೀಸೆಯಡಿ ನಕ್ಕು ಮುಂದೆ ಹೋದ. ಮರುವಾರ ಮತ್ತೆ ಹಾಗೇ ಆಯಿತು. ಕೂಲಿ ದರದ ಮಾತುಕತೆ ನಡೆಯುತ್ತಿದ್ದ ಕಾಲ ಅದು, ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ. ಪಕ್ಕದ ಜಾಗದ ಟೆರೆನ್ಸ್ ಗಿಲೂಲಿ, "ಡೆವೇನಿ ಧಣಿಗಳ ಕಡೆ ಹೋದ ಕಣ್ರಪ್ಪ" ಎಂದದ್ದೇ ಸಾಕಾಯಿತು. ಅಚ್ಚಿನ ಮನೆಯಲ್ಲಿ ಯಾರೂ ಅವನೊಡನೆ ಮಾತಾಡಬಾರದೆಂದು ತೀರ್ಮಾನವಾಯಿತು.

ಫೆಲಿಮ್‌ಗೆ ಇದು ಬಹಳ ದಿನ ಗೊತ್ತೇ ಆಗಲಿಲ್ಲ. ಮಧ್ಯಾಹ್ನ ಕೈಯಿಂದ ಕೈಗೆ ಸಾಗುವ ಬಿಯರಿನ ತಗಡಿನ ಡಬ್ಬ ಅವನನ್ನು ದಾಟಿ ಆಚೆಯವನ ಕೈಗೆ ಹೋದಾಗ ಗೊತ್ತಾಯಿತು. ಆ ಸಂಜೆ ನನ್ನ ಕೋಣೆಗೆ ಬಂದು ಮಂಚದ ಅಂಚಿನಲ್ಲಿ ಕೂತ.

"ಇವರಿಗೆ ನನ್ ಮೇಲೆ ಏನೋ ಕೋಪ, ಐವರ್. ಏನೂಂತ ಹೇಳು. ಈ ಕಡೆ ಮುಖ ಮಾಡಿ ಹೇಳು."

ಹೇಳಿದೆ. ಮತ್ತೆ ಮತ್ತೆ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನನಗೇ ವಿಷಯ ಹೊಳೆಯಿತು.

"ಯಾವಾಗಿಂದ ಕಿವಿ ಕೇಳಿಸ್ತಿಲ್ಲ ನಿಂಗೆ?"

"ಕಿರುಚಿದ್ರೆ ಕೇಳ್ಸುತ್ತೆ. ಈಚೀಚೆಗೆ ಅದೂ ಕಮ್ಮಿ."

"ಹೋಗಿ ಹಂಗಂತ ಹೇಳಯ್ಯ. ಅಲ್ಲಿಗೆ ಮುಗೀತಲ್ಲ."

"ಕಾದ ಕಬ್ಬಿಣ ಹೊತ್ತವನು ದಾರಿ ಬಿಡಿ ಅಂತ ಕೂಗ್ಕೊಂಡು ಬರ್ತಾನೆ. ಕಿವುಡ ಅಡ್ಡ ನಿಂತಿದ್ರೆ? ಹಂಗೇ ಆಗಿ ನಮ್ ಅಚ್ಚುಗಾರ ಲಾಫ್ಟಸ್‌ನ ಕಾಲು ಸುಟ್ಟು ಹೋದಾಗ ಸಂಘದಲ್ಲಿ ಎದ್ದು ನಿಂತವನು ನಾನೇ. ಕಿವಿ ಕೇಳದವರು ಎರಕದ ಕೆಲಸಕ್ಕೆ ಬರಬಾರ್ದು ಅಂತ ನಿಯಮ ಮಾಡ್ಸಿದೋನೂ ನಾನೇ." ಆಮೇಲೆ ನಕ್ಕ. "ಪಾಪ, ಇಷ್ಟು ದಿನ ಕಷ್ಟಪಟ್ಟು ಬಾಯಿ ಮುಚ್ಕೊಂಡಿದಾರೆ. ನಂಗೆ ಅದೂ ತಿಳೀಲಿಲ್ಲ."

ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಹೆಸರು. ಬೇಸಿಗೆಯೆಲ್ಲ ಅವನು ಇದನ್ನೇ ಹೊತ್ತು ತಿರುಗಿದ. ಯಾರಿಗೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಹಿಂದಿನ ಇದ್ದಿಲ ರಾಶಿಯ ಬಳಿ ಒಬ್ಬನೇ ಕೂತು ಆಲೂಗಡ್ಡೆ ಸುಲಿದು ತಿನ್ನುತ್ತಿದ್ದ. ನನ್ನ ಊಟದ ಹೊತ್ತು ಬೇರೆ. ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಸಂಘದ ಸೆಪ್ಟೆಂಬರಿನ ಸಭೆಯಲ್ಲಿ ಅವನು ಎದ್ದು ನಿಂತ. ಅಚ್ಚುಗಾರನಲ್ಲದ ನಾನು ಅತಿಥಿಗಳ ಬೆಂಚಿನಲ್ಲಿದ್ದೆ.

"ಧಣಿಗಳ ಮನೆ ಬೆಕ್ಕು ಮಾತಾಡುತ್ತಂತೆ, ಹಾಲು ತರ್ಸಿ" ಎಂದ ಗಿಲೂಲಿ. ಎಲ್ಲರೂ ನಕ್ಕರು. ಫೆಲಿಮ್ ನಗು ನಿಂತಿತೋ ಇಲ್ಲವೋ ಎಂದು ಮುಖಗಳನ್ನು ನೋಡಿ ತಿಳಿದುಕೊಂಡು ಶುರು ಮಾಡಿದ.

"ಈಗ ಯಾರಾದ್ರೂ ಬೈದಿದ್ರೆ ನಂಗೆ ಕೇಳಿಸ್ಲಿಲ್ಲ. ಸ್ಟೋಡರ್ಡ್ ಬಂದಾಗ ನೀವು ತಟ್ಟಿದ್ದೂ ಕೇಳಿಸ್ಲಿಲ್ಲ. ನನ್ ಕಿವಿ ಹೋಗಿದೆ. ನಾನು ಯಾರ ಕಡೇನೂ ಹೋಗಿಲ್ಲ. ನಿಯಮ ಏನಿದೆ ಅಂತ ನಿಮಗೆಲ್ಲ ಗೊತ್ತು. ನಾಳೆಯಿಂದ ನನ್ ಜಾಗ ಬೇರೆಯವರಿಗೆ ಕೊಡಿ."

ಯಾರೂ ಬೇಡ ಎನ್ನಲಿಲ್ಲ. ಎನ್ನುವಂತಿರಲಿಲ್ಲ, ಲಾಫ್ಟಸ್ ಊರುಗೋಲು ಹಿಡಿದು ಅಲ್ಲೇ ಕೂತಿದ್ದ. ಗಿಲೂಲಿ ಬಂದು ಫೆಲಿಮ್‌ನ ಕೈ ಹಿಡಿದುಕೊಂಡು, ತಲೆ ತಗ್ಗಿಸಿಕೊಂಡೇ ಏನೇನೋ ಹೇಳಿದ. ದಾರಿಯಲ್ಲಿ ಫೆಲಿಮ್ ನನ್ನನ್ನು ಕೇಳಿದ:

"ಏನಂದ ಅವನು?"

"ತಪ್ಪಾಯ್ತು ಅಂದ."

"ಅಷ್ಟುದ್ದಕ್ಕಾ?"

ಸಂಘದವರು ಅವನಿಗೆ ಸಭಾಂಗಣ ಗುಡಿಸುವ, ದೀಪ ಒರೆಸುವ ಕೆಲಸ ಕೊಟ್ಟರು. ಈಗ ಎಲ್ಲರೂ ಮಾತಾಡಿಸುತ್ತಿದ್ದರು. ಕಿವಿಯ ಹತ್ತಿರ ಬಾಯಿಟ್ಟು, "ಹೆಂಗಿದ್ದೀಯಣ್ಣ" ಎಂದು ಕೂಗುತ್ತಿದ್ದರು. ಎರಡನೆಯ ಮಾತಿಗೆ ಯಾರಿಗೂ ತಾಳ್ಮೆ ಇರುತ್ತಿರಲಿಲ್ಲ. ಬೆನ್ನು ತಟ್ಟಿ ಹೋಗುತ್ತಿದ್ದರು. ಮನೆಯಲ್ಲಿ ನಾವಿಬ್ಬರೂ ಸ್ಲೇಟು ಇಟ್ಟುಕೊಂಡಿದ್ದೆವು. ನಾನು ಬರೆಯುತ್ತಿದ್ದೆ, ಅವನು ಬಾಯಲ್ಲಿ ಉತ್ತರಿಸುತ್ತಿದ್ದ. ನಾನು ಕೊಟ್ಟ ಪುಸ್ತಕಗಳನ್ನು ಅರ್ಧ ಓದಿ ತಂದಿಡುತ್ತಿದ್ದ. ಕೈಗೆ ಕೆಲಸವಿಲ್ಲದೆ ಕಣ್ಣಿಗೆ ಮಾತ್ರ ಕೆಲಸ ಕೊಡುವುದು ಅವನಿಗೆ ಸರಿಬರಲಿಲ್ಲ.

ಒಂದು ಸಂಜೆ ತಾನಾಗಿಯೇ ಹೇಳಿದ: "ಮಾತು ಬಿಟ್ಟಿದ್ರಲ್ಲ, ಆಗ್ಲೇ ವಾಸಿಯಿತ್ತು ಕಣೋ. ನನ್ ಜೊತೆ ಮಾತಾಡ್ಬಾರ್ದು ಅಂತ ದಿನಾ ನನ್ನ ನೆನಪಿಟ್ಕೋಬೇಕಿತ್ತು ಅವರು."

ನಾನು ಸ್ಲೇಟು ಎತ್ತಿಕೊಂಡೆ. ಅವತ್ತು ಬರೆದದ್ದನ್ನೆಲ್ಲ ಒರೆಸಿ ಮೂಲೆಗಿಟ್ಟೆ. ಹಾಗೆ ಅವನು ಆರು ವರ್ಷ ಬದುಕಿದ.

ಅಚ್ಚುಗಾರರು ಸತ್ತರೆ ಗೋರಿಯ ಮೇಲಿನ ಶಿಲುಬೆಯನ್ನು ಕಾರ್ಖಾನೆಯಲ್ಲೇ ಎರಕ ಹೊಯ್ಯುವುದು ವಾಡಿಕೆ. ಮಾದರಿ ಕೆತ್ತುವ ಕೆಲಸ ನನಗೇ ಬಂತು. 'ಸಂಘದ ನಂಬಿಗಸ್ತ ಸೋದರ' ಎಂದು ಕೆತ್ತಿ ಎಂದರು ಸಂಘದ ಕಾರ್ಯದರ್ಶಿ.

"ಆ ಹೆಸರನ್ನ ಅವನು ಬದುಕಿದ್ದಾಗ್ಲೇ ವಾಪಸ್ ತಗೊಂಡಿದ್ದ, ಸ್ವಾಮಿ" ಎಂದೆ. "ವಾಪಸ್ ಸಿಗದೇ ಇದ್ದಿದ್ದು ಬೇರೆ."

ಅವರು ಪಕ್ಕದಲ್ಲಿದ್ದ ಗಿಲೂಲಿಯ ಕಡೆ ನೋಡಿದರು. ಅವನು ಹೂಂ ಎಂದ. ಹೆಸರಿನ ಕೆಳಗೆ 'ಅಚ್ಚುಗಾರ' ಎಂದು ಕೆತ್ತಿ, ಎರಕ ಹೊಯ್ಯಲೆಂದು ಮಾದರಿಯನ್ನು ಗಿಲೂಲಿಯ ಕೈಗೆ ಕೊಟ್ಟೆ.